ಕಾಡುಕೋಣದ ಕರುವನ್ನು ಮುಟ್ಟಿದ್ದು

ರಾಣೆಬೆನ್ನೂರು

ನಾನು ಸಮುದ್ರ ದಾಟಿ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ನಮ್ಮ ಓಣಿಯ ಹೆಂಗಸರು ಕೇಳುವ ಪ್ರಶ್ನೆಗಳು ಎರಡೇ. ಅಲ್ಲಿ ಏನು ತಿಂದಿರಿ, ಆ ಚಳಿಯಲ್ಲಿ ಸ್ನಾನ ಹೇಗೆ ಮಾಡಿದಿರಿ. ಇವೆರಡಕ್ಕೂ ಉತ್ತರ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ನನಗೆ ಹೇಳಬೇಕೆಂದಿರುವುದನ್ನು ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ. ಹಾಗಾಗಿ ಯಾರೂ ಕೇಳದಿದ್ದರೂ ಬರೆಯಲು ಕುಳಿತಿದ್ದೇನೆ. ಅಲ್ಲಿಯ ಒಂದು ಕಾಡಿನಲ್ಲಿ ನಾನು ಮಾಡಿದ ಒಂದು ತಪ್ಪಿನ ವಿಷಯ ಇದು.

ನಮ್ಮ ಯಜಮಾನರಿಗೆ ಸರಕಾರಿ ಕಾಗದದಲ್ಲಿ ಉದ್ದನೆಯ ಹುದ್ದೆಯ ಹೆಸರಿದೆ. ರಾಣೆಬೆನ್ನೂರಿನವರ ಬಾಯಲ್ಲಿ ಅವರು ದನದ ಡಾಕ್ಟರು. ನನ್ನ ತವರು ಮೇಡ್ಲೇರಿ. ಹೊಳೆಯ ನೀರು ಕುಡಿದು, ಎಮ್ಮೆ ಆಕಳುಗಳ ನಡುವೆ ಬೆಳೆದವಳು ನಾನು. ದನಗಳ ಬಗ್ಗೆ ಪುಸ್ತಕದಲ್ಲಿ ಇರುವುದೆಲ್ಲ ಅವರಿಗೆ ಗೊತ್ತು, ಕೊಟ್ಟಿಗೆಯಲ್ಲಿ ಇರುವುದು ನನಗೆ ಗೊತ್ತು ಎಂದು ಮದುವೆಯಾದ ವರ್ಷವೇ ನಮ್ಮೊಳಗೆ ತಕರಾರು ಶುರುವಾಗಿತ್ತು. ಅದು ಇನ್ನೂ ಮುಗಿದಿಲ್ಲ.

ಒಂದು ಬೇಸಿಗೆಯಲ್ಲಿ ಹಾನಗಲ್ಲಿನ ಆಚೆ, ಕಾಡಿನ ಅಂಚಿನ ಹಳ್ಳಿಯೊಂದರಲ್ಲಿ ದನಗಳಿಗೆ ದೊಡ್ಡಬೇನೆ ಬಂದಿದೆ ಎಂದು ಅವರಿಗೆ ಕರೆ ಬಂತು. ದೊಡ್ಡಬೇನೆ ಎಂದರೆ ಊರಿಗೆ ಊರೇ ಕೊಟ್ಟಿಗೆ ಖಾಲಿ ಮಾಡಿಕೊಳ್ಳುವ ರೋಗ. ನಾಲ್ಕು ದಿನ ಬಿಟ್ಟು ಮನೆಗೆ ಬಂದವರು ಕೈಕಾಲು ತೊಳೆದು ಕಂಬಕ್ಕೆ ಒರಗಿ ಕುಳಿತರು. ತಾಟು ಹಾಕಿದೆ, ಏಳಲಿಲ್ಲ.

"ದನ ಭಾಳ ಹೋದುವೇನ್ರಿ?" ಎಂದೆ.

"ದನ ಹೋಗೋದು ಹೊಸಾದಲ್ಲ. ಕೆರಿ ದಂಡಿ ಮ್ಯಾಲೆ ಒಂದು ಕಾಡಕೋಣ ಸತ್ತು ಬಿದ್ದಿತ್ತು. ದನಾ ಕುಡಿಯೂ ನೀರಾಗ ಅದೂ ಬಾಯಿ ಇಟ್ಟೇತಿ. ನಮ್ಮ ಬ್ಯಾನಿ ಅದಕ್ಕ ನಾವೇ ಕೊಟ್ಟಂಗಾತು."

ನಾನು ಕಾಡುಕೋಣವನ್ನು ಕಂಡವಳಲ್ಲ. ನಮ್ಮ ಅಜ್ಜಿ ಕಂಡಿದ್ದಳಂತೆ. ಅವಳ ತವರು ಆ ಕಡೆಯದು. ಚಿಕ್ಕವಳಿದ್ದಾಗ ಸಂಜೆಯ ಹೊತ್ತು ಅವು ಗುಡ್ಡ ಇಳಿದು ಬರುತ್ತಿದ್ದವು, ಕಾಲಿಗೆ ಬಿಳಿ ಕಾಲುಚೀಲ ಹಾಕಿಕೊಂಡಂತೆ ಕಾಣುತ್ತಿದ್ದವು ಎಂದು ಹೇಳುತ್ತಿದ್ದಳು. ಆಮೇಲೆ ಬರುವುದು ನಿಂತಿತು. ಯಾಕೆ ನಿಂತಿತು ಎಂದು ಕೇಳಿದರೆ ಅವಳ ಬಳಿ ಉತ್ತರ ಇರಲಿಲ್ಲ. ಯಜಮಾನರ ಮಾತು ಕೇಳಿದ ದಿನ ನನಗೆ ಉತ್ತರ ಸಿಕ್ಕಿತು. ಹೇಳೋಣವೆಂದರೆ ಅಜ್ಜಿ ಇರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅದೇ ರೋಗದ ಲಸಿಕೆಯ ಕೆಲಸ ಕಲಿತು ಬರಲೆಂದು ಅವರನ್ನು ವಿಯೆನ್ನಾ ಪಟ್ಟಣಕ್ಕೆ ಕಳಿಸಿದರು. ನಾನೂ ಬೆನ್ನು ಹತ್ತಿದೆ. ಅತ್ತೆಯವರು ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟರು. ಹೊರಡುವ ದಿನ ಮಾತ್ರ, ಮುಖ ಬೇರೆ ಕಡೆ ತಿರುಗಿಸಿಕೊಂಡು, ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ ತುಂಬಿದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಹದಿನೈದು ದಿನ ಮುಂಚೆಯೇ ಕುಟ್ಟಿಸಿ ಇಟ್ಟಿದ್ದರಂತೆ.

ವಿಯೆನ್ನಾದಲ್ಲಿ ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಪತ್ರಿಕೆ ಓದುತ್ತ ಕಾಫಿ ಬಟ್ಟಲನ್ನು ಕೆಳಗಿಟ್ಟರು. ಪೋಲೆಂಡ್ ದೇಶದ ಒಂದು ಹಳೆಯ ಕಾಡಿನಲ್ಲಿ ಆ ನಾಡಿನ ಕಾಡುಕೋಣಗಳು ಮಹಾಯುದ್ಧದ ಕಾಲದಲ್ಲಿ ಒಂದೂ ಉಳಿಯದೆ ಮುಗಿದುಹೋಗಿದ್ದವು. ಬೇರೆ ದೇಶಗಳ ಪ್ರಾಣಿಸಂಗ್ರಹಾಲಯಗಳಲ್ಲಿ ಬದುಕಿ ಉಳಿದಿದ್ದ ಕೆಲವನ್ನು ತಂದು ಅದೇ ಕಾಡಿನಲ್ಲಿ ಮತ್ತೆ ಬಿಟ್ಟು ಸಾಕುತ್ತಿದ್ದಾರೆ ಎಂದು ಬರೆದಿತ್ತು.

"ಹೋಗಿ ನೋಡೂಣೇನು?" ಎಂದರು. ಮದುವೆಯಾದ ಹತ್ತು ವರ್ಷದಲ್ಲಿ ಅವರು ನನ್ನನ್ನು ಒಂದು ಜಾತ್ರೆಗೂ ತಾವಾಗಿ ಕರೆದವರಲ್ಲ. ನಾನು ಅವತ್ತೇ ಟ್ರಂಕು ಕಟ್ಟಿದೆ.

ಗಡಿಯ ಟೇಶನ್ನು

ಪೋಲೆಂಡಿನ ಗಡಿಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಯಜಮಾನರು ಬಿಸಿನೀರು ತರಲು ಇಳಿದು ಹೋದರು. ಹೋಗುವಾಗ ನಮ್ಮಿಬ್ಬರ ರಹದಾರಿ ಕಾಗದಗಳನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಹೋದರು. ಅವರು ಆ ಕಡೆ ಹೋದರೋ ಇಲ್ಲವೋ, ಈ ಕಡೆಯಿಂದ ಒಬ್ಬ ಅಧಿಕಾರಿ ಬಂದ. ದಪ್ಪ ಮೀಸೆ, ಎದೆಯ ತುಂಬ ಗುಂಡಿ. ಕಾಗದ ಕೇಳಿದ. ಗಂಡನ ಹತ್ತಿರ ಇವೆ ಎಂದು ವಿಯೆನ್ನಾದ ಪೇಟೆಯಲ್ಲಿ ಕಲಿತ ನನ್ನ ಹರಕು ಜರ್ಮನ್ನಿನಲ್ಲಿ ಹೇಳಿದೆ. ಗಂಡನ ಹೆಸರೇನು ಎಂದ.

ಅಷ್ಟು ಜರ್ಮನ್ ನನಗೆ ತಿಳಿಯುತ್ತಿತ್ತು. ಆದರೆ ಹೆಸರು ಹೇಳುವುದು ಹೇಗೆ? ಮನೆಯಲ್ಲಿ ಒಡಪು ಹಾಕಿ, ಪದ್ಯದೊಳಗೆ ಅಡಗಿಸಿ ಹೇಳಬೇಕಾದರೂ ಮುಖ ಕೆಂಪಗಾಗುತ್ತಿತ್ತು. ಪರದೇಶದ ಪೊಲೀಸರ ಮುಂದೆ ಒಡಪು ಹಾಕಲು ಬರುತ್ತದೆಯೇ? ಅವನು ಮತ್ತೆ ಕೇಳಿದ, ಈ ಸಲ ಗಟ್ಟಿಯಾಗಿ, ಕಿವುಡಿಗೆ ಕೇಳಿದ ಹಾಗೆ. ಟ್ರಂಕಿನ ಮೇಲೆ ಅವರ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದು ನೆನಪಾಗಿ ಟ್ರಂಕಿನ ಕಡೆ ಬೆರಳು ತೋರಿಸಿದೆ. ಗಂಡನ ಹೆಸರು ಕೇಳಿದರೆ ಟ್ರಂಕು ತೋರಿಸುವ ಹೆಂಗಸನ್ನು ಅವನು ಅದೇ ಮೊದಲು ನೋಡಿದ್ದಿರಬೇಕು. ಗಂಡನನ್ನೇ ಒಳಗೆ ಇಟ್ಟಿದ್ದಾಳೆ ಎಂದುಕೊಂಡನೋ ಏನೋ, ತೆಗೆಸಿದ. ಒಳಗೆ ಸೀರೆ, ಒಣಗಿಸಿದ ಕಟಕ ರೊಟ್ಟಿಯ ಗಂಟು, ಖಾರಪುಡಿಯ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ.

ಯಜಮಾನರು ಕೆಟಲ್ಲು ಹಿಡಿದು ಬಂದಾಗ ಆ ಮನುಷ್ಯ ಒಂದೇ ಸಮನೆ ಸೀನುತ್ತಿದ್ದ, ನಾನು ಅವನಿಗೆ ನೀರು ಕೊಡಲು ಲೋಟ ಹುಡುಕುತ್ತಿದ್ದೆ. ಕಾಗದ ನೋಡದೆಯೇ ನಮ್ಮನ್ನು ಬಿಟ್ಟು ಹೋದ.

"ಹೆಸರು ಹೇಳಿದ್ರ ಏನಾಗತಿತ್ತು?" ಎಂದರು ಇವರು.

"ನಿಮ್ಮ ಆಯುಷ್ಯ ಕಮ್ಮಿ ಆಗತಿತ್ರಿ."

"ಈಗ ಆ ಸಾಹೇಬಂದು ಕಮ್ಮಿ ಮಾಡಿದಿ."

ಕಾಡಿನ ಊರು

ಆ ಕಾಡಿನ ಹೆಸರು ಬಿಯಾವೊವಿಯೆಜಾ. ಬರೆಯುವುದೇ ಇಷ್ಟು ಕಷ್ಟ, ಹೇಳಲು ನನಗೆ ಇವತ್ತಿಗೂ ನಾಲಿಗೆ ತಿರುಗದು. ನಾನು ಅದನ್ನು ಕಾಡಿನ ಊರು ಎನ್ನುತ್ತೇನೆ. ನಮ್ಮ ಎರೆಭೂಮಿಯಲ್ಲಿ ಗುತ್ತಲದ ಕಡೆಯಿಂದ ಬರುವ ಚಕ್ಕಡಿಯನ್ನು ಒಂದು ಹರದಾರಿ ದೂರದಿಂದಲೇ ನೋಡಿ, ಎತ್ತಿನ ಕೋಡಿನ ಮೇಲೆ ಯಾರ ಮನೆಯದೆಂದು ಹೇಳಬಹುದು. ಇಲ್ಲಿ ಹತ್ತು ಹೆಜ್ಜೆ ಆಚೆಗೆ ಕಣ್ಣು ಹೋಗುವುದಿಲ್ಲ. ಮುರಿದು ಬಿದ್ದ ಮರವನ್ನು ಯಾರೂ ಒಯ್ಯುವುದಿಲ್ಲ. ಅದು ಬಿದ್ದಲ್ಲೇ ಪಾಚಿ ಹಿಡಿದು, ಅದರ ಮೇಲೆ ಮತ್ತೊಂದು ಮರ ಹುಟ್ಟಿರುತ್ತದೆ. ಅಷ್ಟು ಕಟ್ಟಿಗೆ ಬಿದ್ದಿದ್ದನ್ನು ನೋಡಿ ನನ್ನ ಕೈ ತುರಿಸಿದ್ದು ಸುಳ್ಳಲ್ಲ.

ನಮಗೆ ಇಳಿದುಕೊಳ್ಳಲು ಜಾಗ ಸಿಕ್ಕಿದ್ದು ಕಾಡುಕೋಣಗಳ ಕಾವಲುಗಾರ ಯಾನ್ ಎಂಬವನ ಮನೆಯಲ್ಲಿ. ನಲವತ್ತು ದಾಟಿದವನು, ಎಡಗೈಯಲ್ಲಿ ಎರಡು ಬೆರಳು ಇಲ್ಲ, ಮಾತು ಕಮ್ಮಿ. ಯುದ್ಧದಲ್ಲಿ ಜರ್ಮನ್ ಕಲಿತಿದ್ದ. ಅವನು ಜರ್ಮನ್ನಿನಲ್ಲಿ ಹೇಳಿದ್ದನ್ನು ಯಜಮಾನರು ನನಗೆ ಹೇಳುತ್ತಿದ್ದರು. ಹೀಗಾಗಿ ಪೋಲೆಂಡಿನ ಆ ಮನುಷ್ಯ ನನ್ನ ನೆನಪಿನಲ್ಲಿ ಇವತ್ತಿಗೂ ಅಚ್ಚ ರಾಣೆಬೆನ್ನೂರಿನ ಕನ್ನಡ ಮಾತಾಡುತ್ತಾನೆ.

ಅವನ ಹೆಂಡತಿ ಮಾರಿಯಾ. ನಾನು ಮರಿಯವ್ವ ಎಂದೇ ಕರೆದೆ, ಅವಳು ಓ ಎಂದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ವಿಯೆನ್ನಾದಲ್ಲಿ ತಲೆಯ ಮೇಲೆ ಸೆರಗು ಹೊದ್ದ ನನ್ನನ್ನು ಎಲ್ಲರೂ ನಿಂತು ನೋಡುತ್ತಿದ್ದರು. ಇಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಮ್ಮ ನಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡೆವು. ಅಲ್ಲಿಂದ ಭಾಷೆಯ ಅಡ್ಡಿ ಅಷ್ಟಾಗಿ ಕಾಡಲಿಲ್ಲ.

ರಾತ್ರಿ ಊಟಕ್ಕೆ ಕೆಂಪು ಗಡ್ಡೆಯ ಸಾರು ಕೊಟ್ಟಳು. ಇದರಲ್ಲಿ ಪ್ರಾಣಿ ಇದೆಯೇ ಎಂದು ಕೇಳಬೇಕು. ನಾನು ಆಕಳ ಹಾಗೆ ಅಂಬಾ ಎಂದೆ, ಕೋಳಿಯ ಹಾಗೆ ಕೊಕ್ಕೊಕ್ಕೋ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡಕ್ಕೂ ಇಲ್ಲವೆಂದು ತಲೆಯಾಡಿಸಿ, ಒಲೆಯ ಪಕ್ಕದಲ್ಲಿದ್ದ ಗಡ್ಡೆ, ಅಣಬೆ ತಂದು ತೋರಿಸಿದಳು. ನಾನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ, ಮೇಲೆ ಒಂದು ಚಿಟಿಕೆ ಖಾರಪುಡಿ ಉದುರಿಸಿದೆ. ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಬಣ್ಣದಲ್ಲಿ ಜೋರು, ಖಾರದಲ್ಲಿ ಮೆತ್ತಗೆ. ಮರಿಯವ್ವ ಬೆರಳು ಹಚ್ಚಿ ನೆಕ್ಕಿ ನೋಡಿದಳು. ಆಮೇಲೆ ತನ್ನ ಬಟ್ಟಲನ್ನೂ ಮುಂದೆ ಚಾಚಿದಳು.

ಯಾನ್ ಒಂದು ಒಣಹುಲ್ಲಿನ ಎಸಳು ತಂದು ನಮ್ಮ ಕೈಗೆ ಕೊಟ್ಟ. ಲಾವಂಚದ ಹಾಗೆ ತಣ್ಣಗಿನ ಪರಿಮಳ. ಕಾಡುಕೋಣಕ್ಕೆ ಇದು ಬಲು ಪ್ರೀತಿಯಂತೆ. ಅವು ಇಲ್ಲದೇ ಇದ್ದ ಹತ್ತು ವರ್ಷ ಈ ಹುಲ್ಲು ಬೆಳೆದು ಬೆಳೆದು ಒಣಗುತ್ತಿತ್ತು, ಮೇಯುವವರು ಇರಲಿಲ್ಲ ಎಂದ. ಅದನ್ನು ಹೇಳುವಾಗ ಅವನ ದನಿ, ಮಕ್ಕಳು ಬಾರದ ಮನೆಯಲ್ಲಿ ಅಡಿಗೆ ಮಾಡಿಟ್ಟವರ ದನಿಯ ಹಾಗೆ ಇತ್ತು. ಆ ಎಸಳು ನನ್ನ ಟ್ರಂಕಿನಲ್ಲಿ ಈಗಲೂ ಇದೆ.

ಬೇಲಿ

ಮರುದಿನ ಬೆಳಗಾಗುತ್ತಲೇ ಹೊರಟೆವು. ಕಾಡಿನೊಳಗೆ ಬಹು ದೊಡ್ಡ ಜಾಗಕ್ಕೆ ದಪ್ಪ ಮರದ ದಿಮ್ಮಿಗಳ ಬೇಲಿ ಹಾಕಿದ್ದರು. ಮಂದೆ ಬೆಳೆದ ಮೇಲೆ ಬೇಲಿ ತೆಗೆದು ಕಾಡಿಗೇ ಬಿಡುವ ಯೋಚನೆ. ಅಲ್ಲಿಯ ತನಕ ಬೆರಳಲ್ಲಿ ಎಣಿಸುವಷ್ಟಿರುವ ಅವುಗಳಲ್ಲಿ ಒಂದು ಹೋದರೂ ದೊಡ್ಡ ಪೆಟ್ಟು. ಯಾನ್ ಹೇಳಿದ ನಿಯಮಗಳನ್ನು ಯಜಮಾನರು ನನಗೆ ಒಪ್ಪಿಸಿದರು. ಗಟ್ಟಿಯಾಗಿ ಮಾತಾಡಬಾರದು. ಓಡಬಾರದು. ಬೇಲಿಯೊಳಗೆ ಕೈ ಹಾಕಬಾರದು.

ಮೊದಲು ಕಂಡಿದ್ದು ದೊಡ್ಡ ಹೋರಿ. ಮರಗಳ ನಡುವೆ ಕಂದುಬಣ್ಣದ ದಿಬ್ಬ ಎಂದುಕೊಂಡದ್ದು ತಲೆ ಎತ್ತಿತು. ಮುಂಭಾಗ ಒಂದು ಪ್ರಾಣಿಯದು, ಹಿಂಭಾಗ ಇನ್ನೊಂದರದು ತಂದು ಜೋಡಿಸಿದ ಹಾಗೆ, ಭುಜದ ಮೇಲೆ ಗುಡ್ಡದಂಥ ಡುಬ್ಬ, ಹಿಂದೆ ಸಣ್ಣ ನಡು. ಗದ್ದದ ಕೆಳಗೆ ಮಠದ ಸ್ವಾಮಿಗಳಿಗೆ ಇರುವಂಥ ಗಡ್ಡ. ಮೂಗಿನಿಂದ ಹಬೆ ಬಿಡುತ್ತ ನಮ್ಮನ್ನು ನೋಡಿತು. ನಾವು ಅಷ್ಟೇನೂ ನೋಡುವಂಥವರಲ್ಲ ಎಂದು ತಿಳಿದು ಮೇಯತೊಡಗಿತು. ಯಜಮಾನರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಮೇಯಾಕತ್ತೈತಿ ನೋಡು," ಎಂದರು. ಅಷ್ಟೇ ಹೇಳಲು ಅವರಿಗೆ ಬಹಳ ಹೊತ್ತು ಬೇಕಾಯಿತು.

ಅಷ್ಟರಲ್ಲಿ ಮುಂದೆ ಹೋಗಿದ್ದ ಯಾನ್ ಲಗುಬಗೆಯಿಂದ ಹಿಂದಕ್ಕೆ ಬಂದ. ಬೆಳಗಿನ ಜಾವ ಒಂದು ಹೆಣ್ಣು ಈದಿದೆ. ಅದರದು ಚೊಚ್ಚಲು. ಪ್ರಾಣಿಸಂಗ್ರಹಾಲಯದ ಕಂಬಿಗಳ ಒಳಗೆ ಹುಟ್ಟಿ ಬೆಳೆದದ್ದು ಅದು, ಕಾಡು ಕಂಡು ಎರಡು ವರ್ಷವಾಗಿದೆ. ಹುಟ್ಟಿದ್ದೂ ಹೆಣ್ಣುಗರು. ಅವನು ಬೆರಳಿಲ್ಲದ ಕೈಯಿಂದ ಯಜಮಾನರ ತೋಳು ಹಿಡಿದು ಅಲ್ಲಾಡಿಸಿಬಿಟ್ಟ. ಮಂದೆ ಬೆಳೆಯುವುದು ಹೆಣ್ಣಿನಿಂದ ತಾನೆ?

ಕರು ಬೇಲಿಗೆ ಹತ್ತಿಕೊಂಡೇ ಎಳೆಯ ಜರಿಗಿಡಗಳ ನಡುವೆ ಮಲಗಿತ್ತು. ನಮ್ಮ ಕೆಂಪು ಆಕಳ ಕರುವಿನದೇ ಬಣ್ಣ, ಇನ್ನೂ ಅಲ್ಲಲ್ಲಿ ಒದ್ದೆ. ತಾಯಿ ಐವತ್ತು ಹೆಜ್ಜೆ ದೂರದಲ್ಲಿ ನಿಂತು ಇದು ಯಾರದು ಎಂಬಂತೆ ನೋಡುತ್ತಿತ್ತು. ತಾಯಿಯನ್ನು ಸರಿಯಾಗಿ ನೋಡಲೆಂದು ಗಂಡಸರಿಬ್ಬರೂ ಬೇಲಿಗುಂಟ ಮುಂದೆ ಹೋದರು. ನಾನು ಅಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತೆ.

ಆಮೇಲೆ ಮಾಡಿದ್ದು ನಾನು ಯೋಚಿಸಿ ಮಾಡಿದ್ದಲ್ಲ. ನಮ್ಮ ತವರಿನಲ್ಲಿ ಬೆಳಿಗ್ಗೆ ಎದ್ದವರು ಕೊಟ್ಟಿಗೆಗೆ ಹೋಗಿ ಆಕಳ ಬೆನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಹೊಸ ಕರು ಹುಟ್ಟಿದರಂತೂ ಸರಿಯೇ. ನನ್ನ ಕೈ ತಾನಾಗಿ ಎರಡು ದಿಮ್ಮಿಗಳ ನಡುವೆ ಹೋಯಿತು. ಕರುವಿನ ಬೆನ್ನು ಬೆಚ್ಚಗಿತ್ತು. ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ತೃಪ್ತಿಯಾಗದೆ ಮತ್ತೊಂದು ಸಲ ತಲೆ ಸವರಿ ಒತ್ತಿಕೊಂಡೆ.

ತಿರುಗಿ ನೋಡಿದರೆ ಯಾನ್ ನಿಂತಿದ್ದ. ಅವನು ಬೈಯಲಿಲ್ಲ. ಮುಖದ ಬಣ್ಣ ಹೋಗಿತ್ತು.

"ಏನ್ ಮಾಡಿದಿ?" ಎಂದರು ಯಜಮಾನರು.

"ಏನಿಲ್ರಿ. ಕರುಕ್ಕ ನಮಸ್ಕಾರ ಮಾಡಿದೆ."

"ಕೈ ಹಾಕಬ್ಯಾಡ ಅಂತ ಹೇಳಿದ್ನೋ ಇಲ್ಲೋ? ಮನಷ್ಯಾರ ವಾಸನಿ ಹತ್ತಿದ್ರ ತಾಯಿ ಕರಾ ಬಿಡತೈತಿ ಅಂತಾನವ. ಅದು ಕೊಟ್ಟಿಗ್ಯಾಗಿನ ಆಕಳಲ್ಲ."

ನಾವು ಹಿಂದೆ ಸರಿದು ನಿಂತೆವು. ತಾಯಿ ಬಂತು. ಕರುವನ್ನು ಮೂಸಿತು. ಬುಸ್ಸೆಂದು ಉಸಿರು ಬಿಟ್ಟು ಹಿಂದಕ್ಕೆ ಜಿಗಿದು ಹೊರಟುಹೋಯಿತು. ಕರು ಮುಂಗಾಲೂರಿ ಏಳಲು ನೋಡಿತು, ಬಿತ್ತು. ಸೂರ್ಯ ಮೇಲೆ ಬಂದಾಗ ತಾಯಿ ಇನ್ನೊಮ್ಮೆ ಬಂತು. ಈ ಸಲ ಮೂಸಿ, ಹಣೆಯಿಂದ ಅದನ್ನು ಆಚೆಗೆ ನೂಕಿತು. ಮತ್ತೆ ಹೋಯಿತು.

ಹುಲ್ಲಿನ ಬಣವೆ

ಬೇಲಿಯಿಂದ ಸ್ವಲ್ಪ ದೂರದಲ್ಲಿ ಹುಲ್ಲಿನ ಬಣವೆ ಇತ್ತು. ಅದರ ಮರೆಯಲ್ಲಿ ಕುಳಿತು ಕಾದೆವು. ಬುತ್ತಿ ಕಟ್ಟಿಕೊಂಡು ಮರಿಯವ್ವನೂ ಬಂದಳು. ಸಂಜೆಯೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಬೀಳದಿದ್ದರೆ ಕರು ಉಳಿಯುವುದಿಲ್ಲ ಎಂದು ಯಜಮಾನರೂ ಹೇಳಿದರು, ಯಾನ್‌ನೂ ಹೇಳಿದ. ಎತ್ತಿಕೊಂಡು ಬಂದು ಆಕಳ ಹಾಲು ಕುಡಿಸಿದರೆ ಆಗದೇ ಎಂದು ಕೇಳಿದೆ. ಗಿಣ್ಣ ತಾಯಿಯದೇ ಬೇಕು, ಅಲ್ಲದೆ ಮನುಷ್ಯರ ಕೈಯಲ್ಲಿ ಬೆಳೆದದ್ದು ಮತ್ತೆ ಕಾಡಿನದಾಗುವುದಿಲ್ಲ, ಅದನ್ನು ಕಾಡಿಗೆ ಕೊಡಲೆಂದೇ ಇಷ್ಟೆಲ್ಲ ಪಾಡು ಪಟ್ಟಿದ್ದು ಎಂದು ಉತ್ತರ ಬಂತು.

ನಾನು ಅತ್ತೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ಗಟ್ಟಿಯಾಗಿ ಅಳುವುದೂ ನಿಯಮಕ್ಕೆ ವಿರುದ್ಧವಲ್ಲವೇ. ಸಾವಿರಾರು ಮೈಲಿ ದಾಟಿ ಬಂದು, ಒಂದು ದೇಶದವರು ಹತ್ತು ವರ್ಷ ಕಾದು ಪಡೆದ ಕರುವನ್ನು ನಮಸ್ಕಾರ ಮಾಡಿ ಕೊಲ್ಲುತ್ತಿದ್ದೇನೆ ಎನ್ನಿಸಿತು.

ಯಾನ್ ನನ್ನ ಎದುರಿಗೆ ಬಂದು ಕುಳಿತ. ಒಂದು ರೊಟ್ಟಿ ತುಂಡು ಮುರಿದು ನನ್ನ ಮುಂದೆ ಇಟ್ಟ. ನೆಲ ನೋಡುತ್ತ, ತಡೆದು ತಡೆದು ಮಾತಾಡಿದ. ಯಜಮಾನರು ಒಂದೊಂದೇ ಮಾತು ನನಗೆ ದಾಟಿಸಿದರು.

"ಲಡಾಯಿ ಕಾಲದಾಗ ಇಲ್ಲಿ ತಿನ್ನಾಕ ಏನೂ ಇರಲಿಲ್ಲಂತ. ಸಿಪಾಯಿಗಳು ಹೊಡದ್ರು, ಊರವರೂ ಹೊಡದ್ರು. ಕಡೀಕ ಉಳದಿದ್ದನ್ನೂ ಬಿಡಲಿಲ್ಲಂತ. ಇವಂಗ ಆಗ ಇಪ್ಪತ್ತು ಇಪ್ಪತ್ತೈದು ವಯಸ್ಸು. ಅವರವ್ವ ಒಂದಿನ ಮಾಂಸ ಬೇಯಿಸಿದ್ಲಂತ. ಎಲ್ಲಿಂದ ಬಂತು ಅಂತ ಇವ ಕೇಳಲಿಲ್ಲಂತ, ಆದರ ಇವಂಗ ಗೊತ್ತಿತ್ತಂತ."

ಯಾನ್ ಇನ್ನೊಂದು ಮಾತು ಹೇಳಿದ, ಯಜಮಾನರು ಅದನ್ನೂ ದಾಟಿಸಿದರು.

"ನಾನೂ ತಿಂದೇನಿ, ಅದಕ್ಕ ಇಲ್ಲಿ ಕಾವಲಾ ಕುಂತೇನಿ ಅಂತಾನ. ನೀವು ಬರೇ ಮುಟ್ಟೀರಿ, ಅಳಬ್ಯಾಡ್ರಿ ಅಂತಾನ."

ಆಗ ಯಜಮಾನರು ಅವನಿಗೆ ಹಾನಗಲ್ಲಿನ ಆಚೆಯ ಕೆರೆಯ ದಂಡೆಯ ಮೇಲೆ ಕಂಡದ್ದನ್ನು ಹೇಳಿದರು. ಅಷ್ಟು ಜರ್ಮನ್ ನನಗೆ ತಿಳಿಯಲಿಲ್ಲ, ಆದರೆ ನಡುನಡುವೆ ನಮ್ಮ ಊರುಗಳ ಹೆಸರು ಕೇಳಿಸಿತು. ಇಬ್ಬರೂ ತಲೆ ತಗ್ಗಿಸಿ ಕುಳಿತಿದ್ದರು. ಮರಿಯವ್ವ ನನ್ನ ಬೆನ್ನು ಸವರುತ್ತಿದ್ದಳು. ಅವಳು ಸವರುತ್ತಿದ್ದ ರೀತಿಯಿಂದಲೋ ಏನೋ, ನನಗೆ ಥಟ್ಟನೆ ನಮ್ಮ ಅಜ್ಜಿಯ ಕೈ ಕಣ್ಣಮುಂದೆ ಬಂತು.

ಮೇಡ್ಲೇರಿಯಲ್ಲಿ ಒಂದು ಚೊಚ್ಚಲೆಮ್ಮೆ ಹೀಗೇ ಕರುವನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಅಜ್ಜಿ ಒಂದು ಹಿಡಿ ತೌಡಿಗೆ ಉಪ್ಪು ಕಲಸಿ ಕರುವಿನ ಬೆನ್ನು ತುಂಬ ಸವರಿ ಬಿಟ್ಟಿದ್ದಳು. ಎಮ್ಮೆ ಉಪ್ಪಿನ ಆಸೆಗೆ ನೆಕ್ಕತೊಡಗಿ, ನೆಕ್ಕುತ್ತ ನೆಕ್ಕುತ್ತ ಕರುವನ್ನೇ ನೆಕ್ಕತೊಡಗಿತ್ತು.

"ಅಲ್ರೀ, ಕರುದ ಬೆನ್ನಿಗೆ ಉಪ್ಪು ತೌಡು ಸವರಿದ್ರ?"

"ಪುಸ್ತಕದಾಗ ಎಲ್ಲೂ ಇಲ್ಲ."

"ಕೊಟ್ಟಿಗ್ಯಾಗ ಐತ್ರಿ. ಅವರಿಗೆ ಹೇಳಿ ನೋಡ್ರಿ."

ಹೇಳಿದರು. ಯಾನ್ ತಮ್ಮ ಭಾಷೆಯಲ್ಲಿ ಹೆಂಡತಿಗೆ ಹೇಳಿದ. ಮರಿಯವ್ವ ಎರಡೂ ಕೈ ಎತ್ತಿ ಹಣೆಗೆ ಬಡಿದುಕೊಂಡಳು, ನಮ್ಮ ಹೆಂಗಸರು ಮರೆತದ್ದು ನೆನಪಾದಾಗ ಬಡಿದುಕೊಳ್ಳುವ ಹಾಗೆಯೇ. ಅವಳ ತಾಯಿಯೂ ಆಕಳಿಗೆ ಹೀಗೇ ಮಾಡುತ್ತಿದ್ದಳಂತೆ. ಮನೆಯ ದನದ ಉಪಾಯವನ್ನು ಕಾಡಿನ ಪ್ರಾಣಿಗೆ ಮಾಡಬಹುದೆಂದು ಅವರಿಗೂ ಹೊಳೆದಿರಲಿಲ್ಲ. ಅವಳು ಮನೆಗೆ ಓಡಿದಳು. ಬರುವಾಗ ತೌಡಿನ ಬುಟ್ಟಿ ಮತ್ತು ಉಪ್ಪಿನ ಗಡಿಗೆ ಎರಡನ್ನೂ ತಂದಳು.

ಸವರುವವರು ಯಾರು? ಯಾನ್ ನನ್ನ ಕಡೆ ಕೈ ತೋರಿಸಿದ.

"ನೀನ ಮಾಡಬೇಕಂತ," ಎಂದರು ಯಜಮಾನರು. "ಹೆಂಗೂ ನಿನ್ನ ವಾಸನಿ ಹತ್ತೇತಿ, ಮತ್ತೊಬ್ಬರ್ದು ಬ್ಯಾಡ ಅಂತಾನ."

ವಾಸನೆ ಮುಚ್ಚಲು ಆ ತಾಯಿಯದೇ ಸೆಗಣಿ ಕೈಗೆ ಬಳಿದುಕೊಳ್ಳಬೇಕು ಎಂದ ಯಾನ್, ಅದನ್ನು ಹೇಳಲು ಸಂಕೋಚಪಟ್ಟ. ರೇಷ್ಮೆ ಅಂಚಿನ ಸೀರೆ ಉಟ್ಟು ದೂರದೇಶದಿಂದ ಬಂದ ಹೆಂಗಸು ಸೆಗಣಿ ಮುಟ್ಟುವಳೇ ಎಂದು. ದಿನಾ ಅಂಗಳ ಸಾರಿಸಿ ಬೆಳೆದವಳು ನಾನು. ಅವನು ಹಲಗೆಯ ಮೇಲೆ ತಂದ ಸೆಗಣಿಯಲ್ಲಿ ಮೊಣಕೈ ತನಕ ಅದ್ದಿದೆ. ಆ ದಿನ ಅವರೆಲ್ಲ ಮೊದಲ ಸಲ ನಕ್ಕರು.

ತಾಯಿ ದೂರದಲ್ಲಿದ್ದ ಹೊತ್ತು ನೋಡಿ ಬೇಲಿಯ ಹತ್ತಿರ ಹೋದೆ. ಈ ಸಲ ನಮಸ್ಕಾರ ಮಾಡಲಿಲ್ಲ. ಉಪ್ಪು ತೌಡು ಬೆನ್ನಿಗೆ, ಕುತ್ತಿಗೆಗೆ, ತೊಡೆಗೆ ಸವರಿದೆ. ಕರು ಕಣ್ಣು ಮುಚ್ಚಿಕೊಂಡಿತ್ತು, ಹೊಟ್ಟೆ ಸಣ್ಣಗೆ ಏರಿ ಇಳಿಯುತ್ತಿತ್ತು. ನನ್ನ ಅಜ್ಜಿಯನ್ನೇ ನೆನೆಸಿಕೊಂಡೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಾಯಿ ಬಂತು. ಮೂಸಿತು. ಬುಸ್ಸೆಂದಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಒಂದು ಸಪ್ಪಳ ಕೇಳಿಸಿತು. ಒರಟು ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗೆ, ಮೊದಲು ಒಂದು ಸಲ, ತಡೆದು ಇನ್ನೊಂದು ಸಲ, ಆಮೇಲೆ ನಿಲ್ಲದೆ. ಕಣ್ಣು ತೆರೆದಾಗ ತಾಯಿಯ ನಾಲಿಗೆ ಕರುವಿನ ಬೆನ್ನ ಮೇಲಿತ್ತು. ನೆಕ್ಕುವ ರಭಸಕ್ಕೆ ಕರು ಉರುಳಿತು, ಮತ್ತೆ ಉರುಳಿತು, ಎದ್ದು ನಿಂತಿತು. ಉಪ್ಪು ಎಂದೋ ಮುಗಿದಿರಬೇಕು. ತಾಯಿ ಹೊಟ್ಟೆಯ ಕೆಳಗೆ, ಕಿವಿಯೊಳಗೆ, ನಾನು ಸವರದೇ ಬಿಟ್ಟಿದ್ದ ಕಡೆಯೆಲ್ಲ ನೆಕ್ಕುತ್ತಿತ್ತು. ಕರು ತಪ್ಪಿ ಮುಂಗಾಲ ಸಂದಿನಲ್ಲಿ ಹುಡುಕಿತು, ಆಮೇಲೆ ಸರಿಯಾದ ಜಾಗ ಸಿಕ್ಕಿತು. ಅದರ ಮೋಟು ಬಾಲ ಅಲ್ಲಾಡತೊಡಗಿತು.

"ಹಾಲು ಕುಡ್ಯಾಕತ್ತೈತ್ರಿ," ಎಂದೆ.

ಯಾನ್ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದ. ಯಜಮಾನರು ನನ್ನ ಕೈ ಹಿಡಿದುಕೊಂಡಿದ್ದರು, ಸೆಗಣಿಯ ಕೈಯನ್ನೇ, ನಾಲ್ಕು ಜನರ ಎದುರಿನಲ್ಲಿ. ನಾನೂ ಬಿಡಿಸಿಕೊಳ್ಳಲಿಲ್ಲ.

ನನ್ನ ಮುಟ್ಟುವಿಕೆಯಿಂದಲೇ ಅದು ಕರುವನ್ನು ದೂರ ಮಾಡಿತ್ತೋ, ಚೊಚ್ಚಲಾದ್ದರಿಂದ ಏನು ಮಾಡಬೇಕೆಂದು ತಿಳಿಯಲಿಲ್ಲವೋ, ಹೇಳಲಾರೆ ಎಂದು ಯಜಮಾನರು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿದ್ದಾರೆ. ನನಗೆ ಮಾತ್ರ ಅನುಮಾನವಿಲ್ಲ. ತಪ್ಪು ನನ್ನದೇ.

ಆ ಸಂಜೆ ಯಾನ್ ಒಂದು ದಪ್ಪ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿದ. ಪ್ರತಿ ಕರುವಿಗೂ ತಂದೆ ತಾಯಿ ಯಾರೆಂದು ಬರೆದಿಡುತ್ತಾರೆ. ಆ ದೇಶದಲ್ಲಿ ಹುಟ್ಟಿದವಕ್ಕೆ ಪೋ ಎಂದು ಶುರುವಾಗುವ ಹೆಸರೇ ಇಡಬೇಕಂತೆ. ಹೆಸರು ನೀನೇ ಹೇಳು ಎಂದು ಮರಿಯವ್ವ ನನಗೆ ಸನ್ನೆ ಮಾಡಿದಳು. ನನಗೆ ಹುಡುಕಬೇಕಾಗಿ ಬರಲಿಲ್ಲ. ನಮ್ಮ ಕಡೆ ಹುಡುಗಿಯನ್ನು ಅಕ್ಕರೆಯಿಂದ ಕರೆಯುವುದೇ ಹಾಗೆ.

"ಪೋರಿ," ಎಂದೆ.

ಗಂಡನ ಹೆಸರು ಹೇಳದವಳು ಕರುವಿನ ಹೆಸರನ್ನು ಮೂರು ಸಲ ಬಿಡಿಸಿ ಬಿಡಿಸಿ ಹೇಳಿದೆ. ಯಾನ್ ಬರೆದುಕೊಂಡ.

ಮತ್ತೆ ರಾಣೆಬೆನ್ನೂರು

ಊರಿಗೆ ಬಂದ ಮೇಲೆ ಯಜಮಾನರು ಲಸಿಕೆ ಹಾಕುವ ಕೆಲಸವನ್ನು ಹಾನಗಲ್ಲಿನ ಆಚೆಯ ಹಳ್ಳಿಗಳಿಂದ ಶುರು ಮಾಡಿದರು. ಪೇಟೆಯ ಹತ್ತಿರದ ಊರುಗಳನ್ನು ಬಿಟ್ಟು ಕಾಡಿನ ಅಂಚಿಗೆ ಯಾಕೆ ಮೊದಲು ಹೋಗುತ್ತೀರಿ ಎಂದು ಬ್ಯಾಡಗಿ, ಹಾವೇರಿಯ ಜನ ಕೇಳಿದರೆ, ಆ ಕೆರೆಯ ನೀರನ್ನು ಬರೇ ದನ ಕುಡಿಯುವುದಿಲ್ಲ ಎನ್ನುತ್ತಿದ್ದರು. ಅಲ್ಲಿ ಕಾಡುಕೋಣ ಮತ್ತೆ ಕಂಡವರು ಇನ್ನೂ ಯಾರೂ ಇಲ್ಲ. ನಮ್ಮವರು ಹೋದಾಗಲೆಲ್ಲ ಕೆರೆಯ ದಂಡೆಯ ಕೆಸರಿನಲ್ಲಿ ಗೊರಸಿನ ಗುರುತು ಹುಡುಕಿ ಬರುತ್ತಾರೆ.

ಯಾನ್‌ನಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಪೋರಿಗೆ ಕೋಡು ಮೂಡಿದವು. ಪೋರಿ ಬೇಲಿಯ ದಿಮ್ಮಿ ಮುರಿದಳು. ಕೊನೆಯಲ್ಲಿ ಮರಿಯವ್ವನ ಒಂದು ಸಾಲು, ಖಾರಪುಡಿ ಮುಗಿಯಿತು ಎಂದು. ಕಳಿಸಿದೆವು. ಅದು ಮುಟ್ಟಿತೋ ಇಲ್ಲವೋ, ಮತ್ತೆ ಲಡಾಯಿ ಹತ್ತಿತು. ಕಾಗದ ನಿಂತಿತು.

ಇ‌ತ್ತ ನಮ್ಮ ಕಡೆಯೂ ಸ್ವಾತಂತ್ರ್ಯದ ಗದ್ದಲ, ಮೋಟೆಬೆನ್ನೂರಿನ ನಮ್ಮ ಬಳಗದ ಹುಡುಗರು ಜೇಲಿಗೆ ಹೋದರು, ಕಾಳಿಗೆ ರೇಶನ್ ಬಂತು. ಪತ್ರಿಕೆಯಲ್ಲಿ ಪೋಲೆಂಡಿನ ಹೆಸರು ದಿನಾ ಇರುತ್ತಿತ್ತು. ಅಲ್ಲಿ ಹಸಿವೆ ಎಂದು ಓದಿದಾಗಲೆಲ್ಲ ನನಗೆ ಆ ಬಣವೆಯ ಹಿಂದೆ ಕೇಳಿದ ಮಾತು ನೆನಪಾಗುತ್ತಿತ್ತು. ಮನುಷ್ಯರು ಸಾಯುತ್ತಿರುವಾಗ ಒಂದು ಕರುವಿನ ಚಿಂತೆ ಮಾಡುತ್ತೇನೆ ಎಂದು ಯಾರ ಮುಂದೆ ಹೇಳಲಿ? ಯಜಮಾನರೂ ಆ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಅವರು ಗೋಡೆಯ ನಕಾಶೆಯ ಮುಂದೆ ನಿಂತು, ಬೆರಳಿನಿಂದ ಆ ಕಾಡನ್ನು ಮುಚ್ಚಿ ಹಿಡಿದಿದ್ದನ್ನು ನೋಡಿದೆ.

ಹೋದ ತಿಂಗಳು ಕಾಗದ ಬಂತು. ಹೊದಿಕೆಯ ಮೇಲೆ ನಾಲ್ಕಾರು ಊರುಗಳ ಮುದ್ರೆ. ಮರಿಯವ್ವ ಯಾರಿಂದಲೋ ಜರ್ಮನ್ನಿನಲ್ಲಿ ಬರೆಸಿದ್ದಳು. ಯಜಮಾನರು ಕನ್ನಡಕ ಹಾಕಿಕೊಂಡು ಮೊದಲು ತಾವೇ ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಯಾನ್ ಇಲ್ಲಂತ," ಎಂದರು. "ಲಡಾಯಾಗ ಹಿಡಕೊಂಡು ಹೋದ್ರಂತ. ತಿರುಗಿ ಬರಲಿಲ್ಲಂತ."

ನಾನು ಕೆಳಗೆ ಕುಳಿತೆ. ಆ ಕೆಂಪು ಸಾರು, ಬೆರಳಿಲ್ಲದ ಕೈ, ನನ್ನ ಮುಂದೆ ಇಟ್ಟ ರೊಟ್ಟಿಯ ತುಂಡು. ಕೇಳಬಾರದೇನೋ ಎನ್ನಿಸುತ್ತಿದ್ದರೂ ಕೇಳಿದೆ.

"ಮತ್ತ ಪೋರಿ?"

"ಅದಾಳ. ಹೋಗೂ ಮುಂದ ಅವ ಹೇಳಿದ್ನಂತ, ಏನ್ ಹಸಿದ್ರೂ ಇವನ್ನ ಮುಟ್ಟಬ್ಯಾಡ್ರಿ ಅಂತ. ಊರವರು ಮುಟ್ಟಲಿಲ್ಲಂತ." ಅವರು ಕಾಗದವನ್ನು ಬೆಳಕಿಗೆ ಹಿಡಿದರು. "ಈ ವಸಂತದಾಗ ಪೋರಿ ಈದಾಳಂತ. ಹೆಣ್ಣುಗರ. ಮರಿಯವ್ವ ಉಪ್ಪು ತೌಡು ತಗೊಂಡು ಓಡಿ ಹೋಗಿದ್ಲಂತ."

"ಹೋಗಿ?"

"ಬೇಕಾಗಲಿಲ್ಲಂತ. ಅಷ್ಟರಾಗ ನೆಕ್ಕಿ ನೆಕ್ಕಿ ಒಣಗಿಸಿಬಿಟ್ಟಿದ್ಲಂತ."

ನಾನು ಕಾಗದ ಇಸಿದುಕೊಂಡೆ. ಓದಲು ಬಾರದ ಅಕ್ಷರ. ಪೋರಿ ಎಂದು ಬರೆದದ್ದು ಎಲ್ಲಿ ಎಂದು ಕೇಳಿದೆ, ಅವರು ತೋರಿಸಿದರು. ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಇವತ್ತು ಬ್ಯಾಡ ಎಂದು ಯಾರೂ ಹೇಳಲಿಲ್ಲ.